ಸತ್ತ ಗೂಡಿನ ಗುರುತು

ಕಣಜದ ಗೂಡು ತೆಗೆಯುವ ಆ ಅಣ್ಣತಮ್ಮಂದಿರ ಕಸುಬಿಗೆ ಎರಡೇ ಗುರುತು ಸಾಕಿತ್ತು. ಗೂಡಿನ ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದ ಸೊನ್ನೆ ಇದ್ದರೆ ಹುಳುಗಳು ಜೀವಂತ. ಅಡ್ಡಗೀಟು ಇದ್ದರೆ ಔಷಧಿ ಬಿದ್ದು ಸತ್ತಿವೆ, ಬರಿಗೈಯಲ್ಲಿ ಕೀಳಬಹುದು. ಕಿತ್ತ ಗೂಡನ್ನು ನಗರಸಭೆಗೆ ಯಾರು ಒಪ್ಪಿಸುತ್ತಾರೋ ಕೆಲಸವೂ ಕೂಲಿಯೂ ಅವರ ಹೆಸರಿಗೆ. ಗುರುತು ಕಂಡುಹಿಡಿದವನು ಅಣ್ಣ. ಏಣಿ ಯಾರದು ಎಂಬ ಜಗಳದಲ್ಲಿ ಇಬ್ಬರೂ ಬೇರೆಯಾಗಿ, ತಮ್ಮನೇ ಏಣಿ ಹೊತ್ತುಕೊಂಡು ಹೋದ. ಆಮೇಲೂ ಅವನು ಹಾಕುತ್ತಿದ್ದುದು ಅಣ್ಣನ ಗುರುತನ್ನೇ.

ಈಚೆಗೆ ಅಣ್ಣನ ಗೂಡುಗಳಿಗೆ ಏನೋ ಆಗುತ್ತಿತ್ತು. ಬೆಳಿಗ್ಗೆ ಸೊನ್ನೆ ಹಾಕಿ, ಹುಳುಗಳೆಲ್ಲ ಮನೆ ಸೇರುವ ಸಂಜೆಗೆ ಔಷಧಿ ಹೊತ್ತು ಹೋದರೆ ಗೂಡು ಮುಕ್ಕಾಲು ಮಾಯ, ಉಳಿದದ್ದು ಚಿಂದಿ. ಒಂದಲ್ಲ ಎರಡಲ್ಲ, ಐದು ಕಡೆ. ಮನೆಯವರು ಯಾರೂ ಬಂದಿಲ್ಲ ಎನ್ನುತ್ತಿದ್ದರು. ತಾನಾಗಿ ಹರಿಯಲು ಅದೇನು ಹಳೇ ಬನಿಯನ್ನೇ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅಂತ ದೊಡ್ಡವರು ಸುಮ್ಮನೆ ಹೇಳಿದ್ದಲ್ಲ ಎಂದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ದಾರಿಯಲ್ಲಿ ಕಂಡ ತಮ್ಮ ಕೈಬೀಸಿದ್ದರಲ್ಲೂ, ತಮ್ಮನ ಹೆಂಡತಿ ಫೋನ್ ಮಾಡಿ ಭಾವನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದ್ದರಲ್ಲೂ ಅವನಿಗೆ ಕಳ್ಳತನವೇ ಕಂಡಿತು.

ನಿವೃತ್ತ ಟೀಚರಮ್ಮನ ಮನೆಯ ಹಿಂದೆ, ಸೂರಿನಡಿ ಜೀವಂತ ಹುಳು ತುಂಬಿದ ಗೂಡೊಂದಿತ್ತು. ಅದರ ಕೆಳಗೆ ಸೊನ್ನೆಯ ಬದಲು ಅಡ್ಡಗೀಟು ಎಳೆದ. ಕಳ್ಳನಿಗೆ ಸತ್ತ ಗೂಡಿಗಿಂತ ಸುಲಭದ್ದು ಯಾವುದಿದೆ? ಕೈ ಹಾಕಲಿ, ಊದಿದ ಕೈಯೇ ಸಾಕ್ಷಿ ಹೇಳುತ್ತದೆ. ಹತ್ತಾರು ಹುಳು ಒಟ್ಟಿಗೆ ಕಚ್ಚಿದರೆ ಆಸ್ಪತ್ರೆಯೇ ಗತಿ ಎಂದು ಅವನಿಗೆ ಗೊತ್ತಿತ್ತು. ಕದಿಯದವನಿಗೆ ಏನೂ ಆಗುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡ.

ಮರುದಿನ ಮಧ್ಯಾಹ್ನ ಬೇಕರಿಯ ಹಿಂದೆ ತಾನು ಸೊನ್ನೆ ಹಾಕಿದ್ದ ಇನ್ನೊಂದು ಗೂಡಿಗೆ ಕಾವಲು ಕೂತ. ತಮ್ಮ ಬರಲಿಲ್ಲ. ಬಂದದ್ದು ಕಂದು ಬಣ್ಣದ ಕಣಜಗಳು, ಗೂಡಿನಲ್ಲಿದ್ದ ಹಳದಿ ಕಣಜಗಳಿಗಿಂತ ಎರಡರಷ್ಟು ದೊಡ್ಡವು. ಗೂಡಿನ ಮೇಲೆರಗಿ, ಹಳದಿಯವನ್ನು ನಡುವಿಗೆ ಕತ್ತರಿಸಿ, ಗೂಡು ಹರಿದು ಮರಿಹುಳುಗಳನ್ನು ಹೊತ್ತೊಯ್ದವು. ಹಳದಿಯವೂ ಒಂದು ಕಾಲಕ್ಕೆ ಹಡಗಿನ ಸರಕಿನ ಜೊತೆ ಬಂದು ಊರಿನ ಹುಳುಗಳನ್ನು ಓಡಿಸಿದವೇ. ಈಗ ಸೇರಿಗೆ ಸವ್ವಾಸೇರು ಬಂದಿತ್ತು. ತಾನೆಳೆದ ಅಡ್ಡಗೀಟು ಅಣ್ಣನಿಗೆ ನೆನಪಾಯಿತು. ಮಂಡಿನೋವು ಮರೆತು ಟೀಚರಮ್ಮನ ಮನೆಗೆ ಓಡಿದ.

ಅಲ್ಲಿ ತಮ್ಮ, ಏಣಿಯ ಕೆಳಮೆಟ್ಟಿಲಲ್ಲಿ ಕೂತು, ಬಕೆಟ್ಟಿನ ನೀರಿನಲ್ಲಿ ಎರಡೂ ಕೈ ಅದ್ದಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಪಕ್ಕದಲ್ಲಿದ್ದ ಖಾಲಿ ಚೀಲದ ಮೇಲೆ ಅಣ್ಣನ ಹೆಸರು ಬರೆದಿತ್ತು.

"ಟೀಚರಮ್ಮ ಫೋನ್ ಮಾಡಿದ್ರು, ನಿನ್ನ ಅಡ್ಡಗೀಟು ಇದೆ, ಕೀಳೋಕೆ ಯಾರೂ ಬಂದಿಲ್ಲ ಅಂತ," ಎಂದ ತಮ್ಮ. "ಮಂಡಿ ನೋವಲ್ಲಿ ನೀನ್ಯಾಕೆ ಹತ್ತೋದು, ಕಿತ್ತು ನಿನ್ನ ಮನೆಗೆ ತಲುಪಿಸೋಣ ಅನ್ಕೊಂಡೆ. ಯಾರೋ ನಿನ್ನ ಗುರುತು ಕದ್ದಿದ್ದಾರೆ ಅಣ್ಣ. ಹುಷಾರಾಗಿರು."

ಹೌದು ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಣ್ಣನಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಆ ಗೀಟು ನಾನೇ ಎಳೆದದ್ದು."

ತಮ್ಮ ಬಕೆಟ್ಟಿನಿಂದ ಕೈ ತೆಗೆದ. ಆಮೇಲೆ ಊದಿದ ಕೈ ಚಾಚಿ ಸೀಮೆಸುಣ್ಣ ಕೇಳಿದ. ಬೆರಳು ಮಡಚಲಾಗದೆ ಅದು ಎರಡು ಸಲ ಬಿತ್ತು. ಮೂರನೇ ಸಲ, ಇನ್ನಾರೂ ಹತ್ತದಿರಲಿ ಎಂದು, ಅಡ್ಡಗೀಟು ಅಳಿಸಿ ಅಲ್ಲೇ ಸೊನ್ನೆ ಬರೆದ. ಏಣಿಯನ್ನು ಅಣ್ಣನ ಕಡೆ ವಾಲಿಸಿದ.

"ಇದನ್ನೂ ನೀನೇ ಇಟ್ಕೋ," ಎಂದು ಹೇಳಿ ಹೊರಟ.