ಎರೆಯುವ ಕೈ

ಹುಲಿಕೆರೆಯಲ್ಲಿ ಮೂವತ್ತು ವರ್ಷದಿಂದ ಹಸುಗೂಸುಗಳಿಗೆ ನೀರೆರೆಯುತ್ತಿದ್ದವಳು ಸಣ್ಣತಾಯಮ್ಮ. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಕವುಚಿ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ದು ಎತ್ತಿಕೊಟ್ಟರೆ ಅದು ಮಧ್ಯಾಹ್ನದವರೆಗೆ ನಿದ್ದೆ ಹೋಗುತ್ತಿತ್ತು. ಅವಳನ್ನು ಅಡುಗೆಮನೆಯೊಳಕ್ಕೆ ಬಿಟ್ಟುಕೊಳ್ಳದ ಮನೆಗಳೂ ಕೂಸನ್ನು ಮಾತ್ರ ಅವಳ ಕೈಗೆ ಕೊಡುತ್ತಿದ್ದವು.

ಈ ಸಲ ಅವಳ ಮನೆಯಲ್ಲೇ ಬಾಣಂತನ. ಮಗಳು ರಮಾಳ ಚೊಚ್ಚಲು ಹೆಣ್ಣುಮಗುವಿಗೆ ಮೂರು ತಿಂಗಳು. ಐದು ತಿಂಗಳು ತುಂಬುವವರೆಗೆ ತಾನೇ ಎರೆದು ಕಳಿಸಬೇಕೆಂದು ಸಣ್ಣತಾಯಮ್ಮ ಹಂಡೆಗೆ ಸೌದೆ ಒಟ್ಟಿಕೊಂಡಿದ್ದಳು.

ಬೆರಳ ಸಂದಿಯಲ್ಲಿ ತುರಿಕೆ ಶುರುವಾದಾಗ ಸೀಗೆಪುಡಿಯದ್ದೆಂದುಕೊಂಡಳು. ರಾತ್ರಿಯಾದರೆ ಹೆಚ್ಚು. ಮಣಿಕಟ್ಟಿಗೆ, ಸೊಂಟಕ್ಕೆ ಹರಡಿತು. ಒಂದು ಬೆಳಿಗ್ಗೆ ಸುವರ್ಣಮ್ಮನ ಮೊಮ್ಮಗನಿಗೆ ಎರೆಯಲು ಹೋದರೆ, ಸುವರ್ಣಮ್ಮ ಹಿತ್ತಲ ಬಾಗಿಲಲ್ಲೇ ನಿಲ್ಲಿಸಿದರು.

"ಇನ್ನು ಬರಬೇಡ ತಾಯಮ್ಮ. ಹಳೇಬೀಡು ಡಾಕ್ಟ್ರು ಮಗೂಗೆ ಕಜ್ಜಿ ಅಂದ್ರು. ಎರೆಯೋರು ಯಾರು ಅಂತ ಮೊದ್ಲು ಕೇಳಿದ್ರು."

"ಇದು ಸೀಗೇದು ಕಣ್ರಮ್ಮ."

"ನಾನು ಸೀಗೆ ಮುಟ್ಟಿ ವರ್ಷವಾಯ್ತು. ನಂಗೂ ತುರೀತಾ ಇದೆ."

ಮಾತು ಆ ಬಾಗಿಲಲ್ಲೇ ನಿಲ್ಲಲಿಲ್ಲ. ಆ ವಾರವೇ ಅವಳು ಎರೆಯುತ್ತಿದ್ದ ಉಳಿದ ಎರಡು ಮನೆಗಳೂ ಕೈಬಿಟ್ಟುಹೋದವು.

ಆಶಾ ಕಾರ್ಯಕರ್ತೆ ಶಿಲ್ಪಾ ಮನೆಗೆ ಬಂದು, ಬೆಳಕಿಗೆ ಕೈ ಹಿಡಿಸಿ ಬೆರಳ ಸಂದಿ ಬಿಡಿಸಿದಳು. "ಈ ಸಣ್ಣ ಗೆರೆ ನೋಡಿ ಅಕ್ಕ. ಹುಳ ಚರ್ಮದೊಳಗೆ ಬಿಲ ತೋಡಿರೋದು. ಕೊಳಕಿಗೆ ಬರೋದಲ್ಲ ಇದು. ಮೈಗೆ ಮೈ ತಾಗಿ ಬರೋದು." ರಮಾಳ ಮಗುವಿನ ಅಂಗಾಲಲ್ಲೂ ಕೆಂಪು ಗುಳ್ಳೆ ಎದ್ದಿದ್ದವು. ಎಲ್ಲರನ್ನೂ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಮುಲಾಮು ಕೊಡಿಸಿದಳು.

"ಕುತ್ತಿಗೆಯಿಂದ ಅಂಗಾಲವರೆಗೆ ಒಂದು ಬೆರಳಗಲಾನೂ ಬಿಡಬಾರದು. ಮಗೂಗೆ ತಲೆಗೂ. ಎಲ್ಲಾರೂ ಒಂದೇ ದಿನ ಹಚ್ಚಿ, ಬೆಳಗಾದ್ಮೇಲೆ ಸ್ನಾನ. ವಾರ ಬಿಟ್ಟು ಇನ್ನೊಂದ್ಸಲ. ಬಟ್ಟೆ, ದುಪ್ಪಟಿ ಕುದಿಯೋ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ತುರಿಕೆ ಎರಡು ಮೂರು ವಾರ ಇದ್ದೇ ಇರ್ತದೆ, ಹೆದರಬೇಡಿ. ಹೊಸ ಗುಳ್ಳೆ ಎದ್ರೆ ಹೇಳಿ. ಭಾನುವಾರ ಬಂದು ಮಲಗೋ ಅಳಿಯಂಗೂ ಹಚ್ಚಿಸಿ."

"ಅಳಿಯಂದ್ರಿಗೆ ಏನಂತ ಹೇಳನವ್ವ? ನಮ್ಮನೇಲಿ ಕಜ್ಜಿ ಐತೆ ಅಂತಲಾ?"

ಹೇಳಲಿಲ್ಲ. ಉಳಿದದ್ದೆಲ್ಲ ಮಾಡಿದರು. ಮಗು ಕೈ ಚೀಪದ ಹಾಗೆ ರಮಾ ಅದರ ಅಂಗೈಗೆ ಬಟ್ಟೆ ಕಟ್ಟಿದಳು. ಸೀರೆ, ಕೌದಿ, ತೊಟ್ಟಿಲ ಬಟ್ಟೆ ಎಲ್ಲ ಹಂಡೆಯಲ್ಲಿ ಕುದ್ದವು.

ತಿಂಗಳಾದ ಮೇಲೆ ಮಗುವಿನ ಅಂಗಾಲಲ್ಲಿ ಹೊಸ ಗುಳ್ಳೆ ಎದ್ದವು. ಸಣ್ಣತಾಯಮ್ಮನ ಬೆರಳ ಸಂದಿಯಲ್ಲಿ ಗೆರೆ ಹಾಗೇ ಇತ್ತು. ಮುಲಾಮು ಹೇಗೆ ಹಚ್ಚಿದಿರೆಂದು ಶಿಲ್ಪಾ ಮತ್ತೆ ಮತ್ತೆ ಕೇಳಿದಳು.

"ಕೈಗೆ ಹಚ್ಕೊಂಡಿದ್ರಾ ಅಕ್ಕ?"

"ಹಚ್ಕಂಡಿದ್ದೆ ಕಣವ್ವ. ಆಮೇಲೆ ಮಗು ಅಳ್ತಲ್ಲ. ಔಷಧಿ ಕೈಲಿ ಹೆಂಗ್ ಎತ್ಕಳಾದು, ಬಾಯಿಗೆ ಹೋದಾತು ಅಂತ ತೊಳ್ಕಂಡೆ."

"ಎರಡು ಸಲಾನೂ?"

"ಎರಡು ಸಲಾನೂ. ಸೋಪ್ ಹಾಕಿ."

ಶಿಲ್ಪಾ ಅವಳ ಬೆರಳ ಸಂದಿಯನ್ನು ಇನ್ನೊಮ್ಮೆ ಬಿಡಿಸಿ ನೋಡಿದಳು. "ತೊಳೆದ್ರೆ ತಿರ್ಗ ಹಚ್ಕೋಬೇಕಿತ್ತು. ನಾನಾದ್ರೂ ಹೇಳಬೇಕಿತ್ತು."

ಸಣ್ಣತಾಯಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ಆ ದಿನದಿಂದ ಮಗುವನ್ನು ಮುಟ್ಟಲಿಲ್ಲ.

ವಿಷಯ ಹೇಗೋ ರಮಾಳ ಅತ್ತೆಮನೆಯಿದ್ದ ಕಣಕಟ್ಟೆಗೆ ಮುಟ್ಟಿತ್ತು. ಭಾನುವಾರ ಅಳಿಯ ಮಧುಕುಮಾರ್ ಆಟೋ ಮಾಡಿಕೊಂಡೇ ಬಂದ.

"ಅಮ್ಮ ಕರ್ಕೊಂಡು ಬಾ ಅಂದ್ರು ಅತ್ತೆ. ಅಲ್ಲೇ ನೋಡ್ಕೊತಾರೆ."

"ಇನ್ನೊಂದು ತಿಂಗಳು ಇರ್ಲಿ. ಈ ಸಲ ಸರ್ಯಾಗಿ ಹಚ್ಕತೀವಿ."

ರಮಾ ಅವ್ವನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಬಟ್ಟೆ ಮಡಿಸತೊಡಗಿದಳು.

ಹೊರಡುವ ಮುಂಚೆ ರಮಾ ಮಗುವಿಗೆ ಎರೆದಳು. ಅವಳಿಗೆ ಕಾಲು ಜೋಡಿಸಿ ಕೂರಲು ಬರದೆ ಮಗು ಜಾರುತ್ತಿತ್ತು. ಸಣ್ಣತಾಯಮ್ಮ ಬಚ್ಚಲ ಹೊಸ್ತಿಲಾಚೆ ನಿಂತು ಹೇಳುತ್ತಿದ್ದಳು. "ಕತ್ತಿನ ಕೆಳಗೆ ಕೈ ಕೊಡು. ಕಿವಿ ಮುಚ್ಚು. ಅಷ್ಟು ಮೇಲಿಂದ ಹೊಯ್ಬೇಡ." ಮಗು ನಿಲ್ಲಿಸದೆ ಅತ್ತಿತು.

ಮಧುಕುಮಾರ್ ಚೀಲ ಎತ್ತುವಾಗ ಅಂಗಿಯ ತೋಳು ಹಿಂದಕ್ಕೆ ಸರಿಯಿತು. ಮಣಿಕಟ್ಟಿನ ಒಳಗೆ ಗುಳ್ಳೆಗಳಿದ್ದವು. ಅವನು ಗಮನವಿಲ್ಲದೆ ಕೆರೆದುಕೊಂಡ.

"ಅಯ್ಯೋ, ನಿಮಗೂ ಆಗೈತೆ," ಅಂದಳು ಸಣ್ಣತಾಯಮ್ಮ. "ನೀವೂ ಹಚ್ಕಳಿ, ಬೀಗಿತ್ತಿನೂ ಹಚ್ಕಳ್ಲಿ. ಎಲ್ಲಾರೂ ಒಂದೇ ದಿನ. ಇಲ್ದಿದ್ರೆ ಮಗೀಗೆ ತಿರ್ಗ ಬತ್ತದೆ."

"ಇದು ತೆಂಗಿನ ನಾರಿಂದು ಅತ್ತೆ. ನಮ್ಮನೇಲಿ ಅದೆಲ್ಲ ಇಲ್ಲ," ಎಂದು ಅವನು ತೋಳು ಕೆಳಗೆಳೆದುಕೊಂಡ.

ಸೀಗೇದು ಎಂದು ತಾನು ಹೇಳಿದ್ದು ಅವಳಿಗೆ ನೆನಪಾಯಿತು. ಆಟೋದ ಹಿಂದೆ ನಾಲ್ಕು ಹೆಜ್ಜೆ ಹೋಗಿ, "ರಮಾ, ಹೇಳವ್ವ ಅವರ್ಗೆ," ಅಂದಳು. ರಮಾ ತಲೆಯಾಡಿಸಿದಳು. ಅತ್ತೆಮನೆಯಲ್ಲಿ ಅವಳು ಬಾಯಿ ಬಿಡುವವಳಲ್ಲವೆಂದು ಹೆತ್ತವಳಿಗೆ ಗೊತ್ತಿತ್ತು.

ಸಂಜೆ ಸಣ್ಣತಾಯಮ್ಮ ಮುಲಾಮು ತೆಗೆದು ಮೈಗೆಲ್ಲ ಹಚ್ಚಿಕೊಂಡಳು. ಬೆರಳ ಸಂದಿಗೆ, ಉಗುರಿನ ಸಂದಿಗೆ ನಿಧಾನವಾಗಿ ತಿಕ್ಕಿದಳು. ಕೈಗಳನ್ನು ಮಂಡಿಯ ಮೇಲೆ ಅಂಗಾತ ಇಟ್ಟುಕೊಂಡು ಗೋಡೆಗೊರಗಿದಳು. ಬೆಳಗಿನವರೆಗೆ ತೊಳೆದುಕೊಳ್ಳುವ ಅಗತ್ಯವೇ ಬೀಳಲಿಲ್ಲ.