ಎಂಟು ಸಲ ಬಿಚ್ಚಿದ ಹೊಲಿಗೆ

ಅಂಚೆ ಕಚೇರಿಯಿಂದ ತಂದ ಹೊಸ ಸಮವಸ್ತ್ರದ ಪ್ಯಾಂಟು ಸೊಂಟದ ಹತ್ತಿರ ನಾಲ್ಕು ಬೆರಳು ಬಾಯಿ ಬಿಟ್ಟುಕೊಂಡು ನಿಂತಿತು. ಹುಡುಗಿ ಉಸಿರು ಬಿಗಿಹಿಡಿದಳು, ಮಂಚದ ಮೇಲೆ ಅಂಗಾತ ಮಲಗಿ ಎಳೆದಳು. ಗುಂಡಿ ಮಾತ್ರ ಕಾಜದ ಕಡೆ ತಿರುಗಿಯೂ ನೋಡಲಿಲ್ಲ.

"ಚಿಕ್ಕಮ್ಮಾ, ಮೂವತ್ತು ಅಂತಾನೇ ಬರೆದಿದೆ. ನನ್ನ ಸೊಂಟ ಮೂವತ್ತಲ್ವಾ?"

ಚಿಕ್ಕಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಇಪ್ಪತ್ತಾರು ವರ್ಷ ಹೆಂಗಸರ ಬಟ್ಟೆ ಹೊಲಿದ ಕೈ ಅದು, ಕಣ್ಣು ಮುಚ್ಚಿ ಪೋಣಿಸಬಲ್ಲದು. ಅವತ್ತು ಮೂರು ಸಲ ತಪ್ಪಿತು.

ಹುಡುಗಿ ಅವಳ ಅಕ್ಕನ ಮಗಳು. ಕಾಗದ ಹಂಚುವ ಕೆಲಸ ಸಿಕ್ಕಿ, ಮೂರು ವರ್ಷದ ಹಿಂದೆ ಚಿಕ್ಕಮ್ಮನ ಹೊಲಿಗೆ ಅಂಗಡಿಯ ಮೇಲಿನ ಕೋಣೆಗೆ ಬಂದಿದ್ದಳು. ಸಮವಸ್ತ್ರವನ್ನು ಇಷ್ಟು ದಿನ ಚಿಕ್ಕಮ್ಮನೇ ಹೊಲಿದು ಕೊಡುತ್ತಿದ್ದಳು. ಮೊದಲ ವರ್ಷವೇ ಒಂದು ಸಂಜೆ ಹುಡುಗಿ ಕಣ್ಣು ತುಂಬಿಕೊಂಡು ಬಂದು, "ಪ್ಯಾಂಟು ಬಿಗಿಯಾಗ್ತಿದೆ, ನಾನು ದಪ್ಪ ಆದೆನಾ?" ಎಂದು ಕೇಳಿದ್ದಳು. "ನೀನಲ್ಲ ಕಣೇ, ಬಟ್ಟೆ ಕುಗ್ಗಿದೆ" ಎಂದಿದ್ದಳು ಚಿಕ್ಕಮ್ಮ. ಮರುದಿನ ಹುಡುಗಿ ಕೆಲಸಕ್ಕೆ ಹೋದ ಮೇಲೆ ಹೊಲಿಗೆ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಹೊರಗೆ ಬಿಟ್ಟು ಮತ್ತೆ ಹೊಲಿದಳು. ಆಮೇಲೆ ಅದೇ ರೂಢಿಯಾಯಿತು. ಕೇಳುವ ಮೊದಲೇ ಸಡಿಲಿಸಿಬಿಡುತ್ತಿದ್ದಳು. ಈಗ ಕಚೇರಿಯವರು ಸಿದ್ಧ ಉಡುಪು ಕೊಡುತ್ತೇವೆ, ಅಳತೆ ಬರೆದುಕೊಡಿ ಎಂದಾಗ ಹುಡುಗಿ ನಂಬಿಕೆಯಿಂದ ಮೂವತ್ತು ಎಂದು ಬರೆದಿದ್ದಳು.

"ನಾನು ಬಿಡಿಸ್ತಾ ಬಂದಿದೀನಿ" ಎಂದಳು ಚಿಕ್ಕಮ್ಮ. "ಅರ್ಧರ್ಧ ಇಂಚು."

"ಎಷ್ಟು ಸಲ?"

"ಎಂಟು."

ಹುಡುಗಿ ಮನಸ್ಸಿನಲ್ಲೇ ಗುಣಿಸಿದಳು. "ಮೂರು ವರ್ಷ ನನಗೆ ಟೋಪಿ ಹಾಕಿದೀಯಲ್ಲ ಚಿಕ್ಕಮ್ಮಾ."

"ಟೋಪಿ ಎಲ್ಲಿ ಹಾಕಿದೆ, ಪ್ಯಾಂಟು ತಾನೇ ಹಾಕಿದ್ದು."

ಹುಡುಗಿ ನಗಲಿಲ್ಲ. ಮೆಟ್ಟಿಲು ಹತ್ತಿ ಹೋದಳು. ಮೂರು ದಿನ ಮಾತಿಲ್ಲ. ಚಿಕ್ಕಮ್ಮನಿಗೆ ಮೌನ ಹೊಸದೇನಲ್ಲ, ಗಿರಾಕಿಗಳ ಅಳತೆಯನ್ನು ಅವಳು ಬಾಯಿಬಿಟ್ಟು ಹೇಳಿದವಳೇ ಅಲ್ಲ. ಹೇಳದೆ ಇರುವುದನ್ನು ಮರ್ಯಾದೆ ಎಂದುಕೊಂಡಿದ್ದಳು. ಈ ಮೂರು ದಿನ ಅದನ್ನೇ ತಿರುವಿ ಹಾಕಿ ನೋಡಿದಳು. ಒಳಮೈ ಬೇರೆ ಬಣ್ಣದ್ದಾಗಿತ್ತು.

ನಾಲ್ಕನೆಯ ದಿನ, ಪ್ರತಿ ಸಲದ ಅಳತೆಯನ್ನು ತಾರೀಖು ಹಾಕಿ ಬರೆದಿಡುತ್ತಿದ್ದ ಪುಸ್ತಕ ತೆಗೆದಳು. ಹುಡುಗಿಯ ಪುಟದಲ್ಲಿ ಎದೆ, ತೋಳು, ತೊಡೆ ಎಲ್ಲ ಹಾಗೇ ಇವೆ. ಸೀಟು, ಎಂದರೆ ಕೂರುವ ಭಾಗ, ಮೂರು ವರ್ಷವೂ ಮೂವತ್ತೆಂಟು. ಸೊಂಟವೊಂದೇ ಮೂವತ್ತರಿಂದ ಮೂವತ್ತನಾಲ್ಕಕ್ಕೆ ಏರಿದೆ. ತಿಂದು ಬಂದ ಬೊಜ್ಜಾಗಿದ್ದರೆ ಮೈಗೆಲ್ಲ ಒಂದಿಷ್ಟಾದರೂ ಪಾಲು ಬರಬೇಕಿತ್ತಲ್ಲ ಎಂದುಕೊಂಡಳು. ಇದು ಒಂದೇ ಮನೆ ಹಿಡಿದು ಠಿಕಾಣಿ ಹೂಡಿದ ನೆಂಟನ ಹಾಗಿದೆ. ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಬರುವುದು, ಗಲ್ಲದ ಕೆಳಗಿನ ಕೂದಲನ್ನು ಹುಡುಗಿ ಕಿಟಕಿಯ ಬೆಳಕಿಗೆ ಹಿಡಿದು ಕೀಳುವುದು, ಎಲ್ಲ ಒಂದೇ ದಾರಕ್ಕೆ ಪೋಣಿಸಿಕೊಂಡವು. ಪ್ಯಾಂಟು ಬಿಗಿಯಾಗಲು ಬಿಟ್ಟಿದ್ದರೆ ಇವಳು ಯಾವಾಗಲೋ ಡಾಕ್ಟರ ಹತ್ತಿರ ಹೋಗಿರುತ್ತಿದ್ದಳು.

ಪುಸ್ತಕ ಹಿಡಿದು ಮೇಲೆ ಹೋದಳು. "ಬೈಯೋದಿದ್ರೆ ಬೈ. ಆದ್ರೆ ನಾಳೆ ಡಾಕ್ಟರ ಹತ್ತಿರ ಹೋಗೋಣ."

"ಯಾಕೆ? ಕಡಿಮೆ ತಿನ್ನು, ನಡಿ ಅಂತ ಹೇಳಿಸ್ಕೊಳ್ಳೋಕಾ? ಮನೆಮನೇಲೂ ಅದೇ. ನಾಲ್ಕು ಮಹಡಿ ಹತ್ತಿ ಕಾಗದ ಕೊಟ್ರೆ, ಸ್ವಲ್ಪ ನಡೀಬೇಕಮ್ಮ ಅಂತಾರೆ. ಅವರು ಬಾಗಿಲಿಗೆ ಬರೋಕೇ ಎರಡು ಸಲ ಬೆಲ್ ಮಾಡ್ಬೇಕು."

"ಅದಕ್ಕೇ ನಾನೂ ಬರ್ತೀನಿ. ನಡಿ ಅಂದ್ರೆ ನಿನ್ನ ಚೀಲ ಅವರ ಹೆಗಲಿಗೆ ಹಾಕಿ ಬರೋಣ."

ತುಟಿಯ ಒಂದು ಮೂಲೆ ಅಲ್ಲಾಡಿತು. ಹುಡುಗಿ ಅದನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.

ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ಎಲ್ಲ ಕೇಳಿಸಿಕೊಂಡು, "ಹೊಟ್ಟೆ ಯಾವಾಗಿಂದ ಬರ್ತಿದೆ?" ಎಂದರು. ಹುಡುಗಿಗೆ ಉತ್ತರ ಗೊತ್ತಿರಲಿಲ್ಲ, ಗೊತ್ತಾಗದಂತೆ ಮಾಡಿದವಳು ಪಕ್ಕದಲ್ಲಿದ್ದಳು. ಚಿಕ್ಕಮ್ಮ ಪುಸ್ತಕ ಬಿಡಿಸಿ ಮೇಜಿನ ಮೇಲಿಟ್ಟು, ತಾನು ಮಾಡಿದ್ದನ್ನು ಮೊದಲಿಂದ ಹೇಳಿದಳು. ಡಾಕ್ಟರಮ್ಮ ಪುಟದ ಮೇಲೆ ಬೆರಳಾಡಿಸುತ್ತ, "ಇಷ್ಟು ಚೆನ್ನಾಗಿ ಯಾರೂ ಬರೆದುಕೊಂಡು ಬರಲ್ಲ" ಎಂದರು.

ರಕ್ತ ಪರೀಕ್ಷೆ, ಸ್ಕ್ಯಾನು ಆಗಿ ವಾರದ ಮೇಲೆ ಮತ್ತೆ ಹೋದಾಗ ಬಿಡಿಸಿ ಹೇಳಿದರು. ಗಂಡಸರಲ್ಲಿ ಹೆಚ್ಚಿರುವ ಹಾರ್ಮೋನು ಹೆಂಗಸರಲ್ಲೂ ಒಂಚೂರು ಇರುತ್ತದೆ. ಇವಳಲ್ಲಿ ಅದು ಜಾಸ್ತಿ. ಜೊತೆಗೆ ಇನ್ಸುಲಿನ್ ಮಾತನ್ನು ಮೈ ಸರಿಯಾಗಿ ಕೇಳುತ್ತಿಲ್ಲ. ಎರಡೂ ಸೇರಿದಾಗ ಕೊಬ್ಬು ಹೊಟ್ಟೆಯ ಸುತ್ತ ಕೂರುತ್ತದೆ. ಇದಕ್ಕೆ ಪಿಸಿಓಎಸ್ ಅಂತಾರೆ, ಬಹಳ ಜನಕ್ಕಿದೆ, ಹದ್ದುಬಸ್ತಿನಲ್ಲಿ ಇಡಬಹುದು.

"ಹಾಗಾದ್ರೆ ನನ್ನ ತಪ್ಪಲ್ವಾ?"

ಡಾಕ್ಟರಮ್ಮ ವರದಿಗಳನ್ನು ಮಡಿಸಿ ಪಕ್ಕಕ್ಕಿಟ್ಟರು. "ಯಾರ ತಪ್ಪೂ ಅಲ್ಲ" ಎಂದರು.

"ನಂದು ಸ್ವಲ್ಪ ಇದೆ" ಎಂದಳು ಚಿಕ್ಕಮ್ಮ.

"ಸ್ವಲ್ಪ ಅಲ್ಲ, ನಾಲ್ಕಿಂಚು" ಎಂದಳು ಹುಡುಗಿ. ಡಾಕ್ಟರಮ್ಮ ನಗು ತಡೆಯಲು ಮಾತ್ರೆಯ ಚೀಟಿ ಬರೆಯತೊಡಗಿದರು.

ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋದರು, ಪ್ಯಾಂಟು ಬದಲಿಸಬೇಕಿತ್ತು. ಉಗ್ರಾಣದ ಗುಮಾಸ್ತ ತಲೆ ಎತ್ತದೆ ಕೇಳಿದ, "ಸೊಂಟ ಎಷ್ಟು?" ಹಿಂದೆ ಐದಾರು ಜನ ಸಹೋದ್ಯೋಗಿಗಳು ನಿಂತಿದ್ದರು. ಚಿಕ್ಕಮ್ಮನ ಕೈ ತಾನಾಗಿ ಪೆನ್ನಿಗೆ ಹೋಯಿತು, ಬರೆದು ತೋರಿಸೋಣ ಎಂದು. ಹುಡುಗಿ ಪೆನ್ನು ಕಸಿದುಕೊಂಡಳು.

"ಮೂವತ್ತನಾಲ್ಕು" ಎಂದಳು, ಸಾಲಿಗೆಲ್ಲ ಕೇಳುವಂತೆ.

ಗುಮಾಸ್ತ ಕಪಾಟು ತಡಕಾಡಿದ. "ಮೂವತ್ತನಾಲ್ಕು ಖಾಲಿ. ಮೂವತ್ತಾರು ಇದೆ, ದೊಗಳೆ ಆಗುತ್ತೆ."

"ಪರವಾಗಿಲ್ಲ ಕೊಡಿ" ಎಂದಳು ಹುಡುಗಿ, ಚಿಕ್ಕಮ್ಮನ ಭುಜಕ್ಕೆ ಒರಗಿ. "ಹೊಲಿಗೆ ಹಿಡಿಯೋಕೆ ಮನೇಲಿ ಜನ ಇದ್ದಾರೆ. ಇಷ್ಟು ದಿನ ಬಿಡೋದೇ ಆಯ್ತು ಅವರಿಗೆ."