ನಿಂತು ಗೆಲ್ಲುವ ಆಟ

ಬಂದೇಅಲಿ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಯಾವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಅದನ್ನು ತಿರುಗಿಸುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಒಂದೇ ಒಂದು ಗಾಡಿಯನ್ನೂ ತಪ್ಪು ಹಳಿಗೆ ಕಳಿಸಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ೧೯೬೯ರ ಬೇಸಿಗೆಯಲ್ಲಿ ಅವನು ಮಾಡಿದ್ದನ್ನು ಕೇಳಿದವರು, ಅವನೊಬ್ಬ ಹೊಣೆಗೇಡಿ ಎಂದುಕೊಂಡುಬಿಡಬಹುದು.

ಆ ಬೇಸಿಗೆಯಲ್ಲಿ ಅವನೊಂದು ಆಟ ಕಟ್ಟಿದ. ಸ್ಟೇಷನ್ನಿನ ಹೊರಗೆ ಚಹಾದ ಹೋಟೆಲಿನ ಮುಂದೆ ಪರಸಿ ಕಲ್ಲು ಹಾಸಿದ ಕಟ್ಟೆಯಿತ್ತು. ಅದರ ಮೇಲೆ ಸುಣ್ಣದ ಹರಳಿನಿಂದ ವಾಡಿಯಿಂದ ತಾಂಡೂರಿನ ತನಕ ಒಂಟಿ ಹಳಿ ಗೀಚಿದ. ನಡುವೆ ಸೂಲೇಹಳ್ಳಿ, ಚಿತ್ತಾಪುರ, ಸೇಡಂ ಎಂದು ಸ್ಟೇಷನ್ನುಗಳು, ಒಂದೊಂದು ಸ್ಟೇಷನ್ನಿಗೂ ಪಕ್ಕದಲ್ಲಿ ಗಾಡಿ ಸರಿದು ನಿಲ್ಲಲು ಒಂದು ಮನೆ. ಆಡುವವರು ಇಬ್ಬರು. ಒಬ್ಬನ ಗಾಡಿಗಳು ಈ ಕಡೆಯಿಂದ ಹೊರಟರೆ ಇನ್ನೊಬ್ಬನವು ಆ ಕಡೆಯಿಂದ. ಬಳೆಚೂರು ಮೇಲ್ ಗಾಡಿ, ಹುಣಸೆ ಬೀಜ ಮಾಲಗಾಡಿ. ಕವಡೆ ಹಾಕಿ ಬಿದ್ದಷ್ಟು ಓಡಿಸಬೇಕು. ನಡುದಾರಿಯಲ್ಲಿ ಎದುರಾದರೆ ಎರಡೂ ಗಾಡಿ ಹೊರಟಲ್ಲಿಗೆ ವಾಪಸು. ತನ್ನ ಗಾಡಿಗಳನ್ನೆಲ್ಲ ಮೊದಲು ಆಚೆ ತುದಿ ಮುಟ್ಟಿಸಿದವನು ಗೆದ್ದಂತೆ. ಆಟಕ್ಕೆ ಮೇಲ್-ಮಾಲ್ ಎಂದು ಹೆಸರಿಟ್ಟ.

ಮೊದಲ ವಾರ ಒಂದು ಸಲ ಆಡಿದವರು ಎರಡನೇ ಸಲ ಕೂಡಲಿಲ್ಲ. ಕವಡೆ ಚೆನ್ನಾಗಿ ಬಿದ್ದವನು ಗೆದ್ದ, ಬೀಳದವನು ಸೋತ, ಅಷ್ಟೇ.

ಆಟವನ್ನು ಸರಿಮಾಡಿದ್ದು ಹಣಮಮ್ಮ. ಅವಳು ಸೂಲೇಹಳ್ಳಿ ಹಾದಿಯ ಗೇಟಿನವಳು. ಗ್ಯಾಂಗಮನ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಸಿಕ್ಕಿದ ನೌಕರಿ. ರವಿವಾರದ ರಜೆಗೆ ಸಂತೆಗೆ ಬಂದವಳು ಕಟ್ಟೆಯ ಪಕ್ಕ ನಿಂತು ಒಂದು ಆಟ ನೋಡಿದ್ದಳು. ಮರುದಿನ ಬಂದೇಅಲಿ ಸೈಕಲ್ ಮೇಲೆ ಗೇಟು ದಾಟುವಾಗ ಅವನನ್ನು ನಿಲ್ಲಿಸಿದಳು.

"ಅಣ್ಣಾರ, ಒಂಟಿ ಹಳಿ ಮ್ಯಾಲ ಗುಂಡಿಲ್ದ ಗಾಡಿ ಹ್ಯಾಂಗ ಬಿಟ್ರಿ? ಇಷ್ಟು ವರ್ಷ ರೇಲ್ವೇದಾಗ ಏನ್ ಕಡದ್ರಿ?"

ಗುಂಡು ಎಂದರೆ ಒಂಟಿ ಹಳಿಯ ಮೇಲೆ ಹೊರಡುವ ಮುಂಚೆ ಡ್ರೈವರನ ಕೈಗೆ ಸ್ಟೇಷನ್ನಿನವರು ಕೊಡುವ ಲೋಹದ ಉಂಡೆ. ಅದು ಕೈಗೆ ಬಾರದೆ ಗಾಡಿ ಹೊರಡುವ ಹಾಗಿಲ್ಲ.

"ಆಟಕ್ಕ ಗುಂಡು ಎಲ್ಲಿಂದ ತರ್ಲಿ, ಹಣಮಮ್ಮ?"

"ಗುಂಡು ತರೋದು ದೊಡ್ಡದಲ್ರಿ. ಗುಂಡು ಬಿಟ್ಟುಕೊಟ್ಟವಗ ಏನ್ ಸಿಗ್ತದ, ಅದನ್ನ ಹೇಳ್ರಿ. ಮೇಲ್ ಬರ್ತದಂತ ಮಾಲಗಾಡಿ ತಾಸುಗಟ್ಟಲೆ ನಿಲ್ತದ. ನಾ ಗೇಟ್ ಹಾಕ್ಕೊಂಡು ನಿಲ್ತೀನಿ. ನಿಂತವಗ ಏನರ ಸಿಗಬೇಕಲ್ಲ."

ಅವಳ ನಿಯಮ ಸರಳವಾಗಿತ್ತು. ಎರಡು ಸ್ಟೇಷನ್ನಿನ ನಡುವೆ ಒಂದೇ ಗುಂಡು. ಗುಂಡು ಹಿಡಿದವನು ಮಾತ್ರ ಹೋಗಬೇಕು. ಆದರೆ ತಾನಾಗಿಯೇ ತನ್ನ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಎದುರಿನವನಿಗೆ ಗುಂಡು ಕೊಟ್ಟವನು ಮುಂದಿನ ಸರದಿಯಲ್ಲಿ ಎರಡು ಸಲ ಕವಡೆ ಹಾಕಬಹುದು. ಗೇಟಿನ ಗುಡಿಸಲ ನೆಲದ ಮೇಲೆ ಗೀಚಿ, ಗಾಡಿಗಳ ನಡುವಿನ ಬಿಡುವಿನಲ್ಲಿ ಇಬ್ಬರೂ ಮೂರು ದಿನ ಆಡಿ ನೋಡಿದರು. ಮೂರು ದಿನವೂ ಬಂದೇಅಲಿ ಸೋತ. ಸೋತರೂ ಏಳಲು ಮನಸ್ಸಾಗಲಿಲ್ಲ. ಆಟ ಆಟವಾಗಿತ್ತು.

ತಿಂಗಳೊಳಗೆ ಕಟ್ಟೆಯ ಮೇಲೆ ಜಾಗ ಸಿಗದಂತಾಯಿತು. ಇಂಜಿನ್ ಶೆಡ್ಡಿನಿಂದ ನಿವೃತ್ತನಾದ ಫಿಟ್ಟರ್ ಶೌಕತ ಅಲಿ ಬೇರಿಂಗಿನ ಉಕ್ಕಿನ ಗುಂಡುಗಳನ್ನು ತಂದುಕೊಟ್ಟ. ಚಿತ್ತಾಪುರದ ಕೋರ್ಟಿಗೆ ಹೊರಟವರು ಆಟದಲ್ಲಿ ಕೂತು ಗಾಡಿ ತಪ್ಪಿಸಿಕೊಂಡರು. ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು, ಬಂದೇಅಲಿ ಎಲ್ಲವನ್ನೂ ಕೇಳಿಸಿಕೊಂಡ. ಶೌಕತ ಅಲಿಗೆ ಕಣ್ಣು ಮಂದ. ಅವನು ಹೇಳಿದನೆಂದು ಮನೆಗಳನ್ನು ದೊಡ್ಡದು ಮಾಡಿದ. "ನಮ್ಮ ರಾಜ್ಯ ದಾಟಿ ಆಂಧ್ರಕ್ಕ ಯಾಕ ಹೋಗಬೇಕ್ರಿ, ಸೇಡಂನಾಗ ಇಳಸ್ರಿ" ಎಂದು ಹಲವರು ಹೇಳಿದ್ದಕ್ಕೆ ತಾಂಡೂರು ಬಿಟ್ಟು ಆಟವನ್ನು ಸೇಡಂಗೇ ಮುಗಿಸಿದ. ಎರಡರಿಂದಲೂ ಆಟ ಸುಧಾರಿಸಿತು. ಚಿಂಚೋಳಿಯ ನರಸಪ್ಪ ಮಾಸ್ತರರು ಮಾತ್ರ ಕೈಮುಗಿದು ಕೇಳಿದ್ದರು: "ಖರೇ ರೈಲಂತೂ ನಮ್ಮೂರಿಗಿ ಬರಲಿಲ್ಲ. ಆಟದಾಗರ ಚಿಂಚೋಳಿಗಿ ಒಂದು ಹಳಿ ಹಾಕ್ರಿ, ಸಾಬ್ರ."

"ಇಲ್ಲದ ಹಳಿ ಮ್ಯಾಲ ಗಾಡಿ ಬಿಟ್ರ ನನ್ನ ನೌಕರಿ ಹೋಗ್ತದ್ರಿ, ಮಾಸ್ತರ" ಎಂದು ಬಂದೇಅಲಿ ನಕ್ಕು ಕಳಿಸಿದ್ದ. ಮಾಸ್ತರರು ಮುನಿಸಿಕೊಳ್ಳಲಿಲ್ಲ. ಇಲ್ಲ ಎನ್ನುವುದು ಬಂದೇಅಲಿಗೆ ಗೊತ್ತಿತ್ತು ಎಂಬುದಕ್ಕೆ ಇದು ಸಾಕ್ಷಿ.

ಹಣಮಮ್ಮನ ಹೆಸರನ್ನು ಅವನು ಯಾರಿಗೂ ಹೇಳಲಿಲ್ಲ. ಮೊದಲು ಯಾರೂ ಕೇಳಲಿಲ್ಲ. ಕೇಳಿದವನು ಶಹಾಬಾದಿನ ಕಲ್ಲಿನ ಸಾಹುಕಾರ ಅಂಬರಾಯ. ಪ್ರತಿ ರವಿವಾರ ಪ್ಯಾಸೆಂಜರ್ ಹತ್ತಿ ಆಟಕ್ಕೆಂದೇ ಬರುತ್ತಿದ್ದ ಮನುಷ್ಯ.

"ಈ ನಿಂತು ಗೆಲ್ಲೋ ಹಿಕಮತ್ತು ನಿಮಗ ಹ್ಯಾಂಗ ಹೊಳೀತ್ರಿ, ಸಾಬ್ರ?"

"ಇಪ್ಪತ್ತೆರಡು ವರ್ಷ ಹಳಿ ಮ್ಯಾಲ ಕಳದವಗ ಹೊಳೀತದ್ರಿ" ಎಂದ ಬಂದೇಅಲಿ. ನಾಲಿಗೆ ತಡವರಿಸಲೂ ಇಲ್ಲ. ಅಂಬರಾಯ ಮೆಚ್ಚಿ, ದೊಡ್ಡದೊಂದು ಪಾಲಿಶ್ ಪರಸಿಯ ಮೇಲೆ ಆಟವನ್ನು ಕೊರೆಸಿ, ಕೆಳಗೆ 'ಬಂದೇಅಲಿ ಆಟ' ಎಂದು ಅಕ್ಷರ ಹೊಡೆಸಿ ಕಟ್ಟೆಗೆ ಕೂರಿಸುತ್ತೇನೆ ಎಂದು ಮಾತು ಕೊಟ್ಟ. ಪಾಯಿಂಟ್ಸ್‌ಮನ್ನನ ಹೆಸರು ಪೇಪರಿನಲ್ಲಿ ಬರುವುದು ಅಪಘಾತವಾದಾಗ ಮಾತ್ರ. ಕಲ್ಲಿನ ಮೇಲೆ ಹೆಸರು ಎಂಬ ಮಾತು ಬಂದೇಅಲಿಯ ತಲೆ ಹೊಕ್ಕಿತು. ಆಮೇಲೆ ಅದು ಹೊರಗೆ ಹೋಗಲಿಲ್ಲ.

ಜೂನಿನ ಮೊದಲ ರವಿವಾರ ಶೌಕತ ಅಲಿ ಹಣಮಮ್ಮನನ್ನು ಕರೆದ. "ನಿಂತು ನಿಂತು ನೋಡ್ತಿ, ಒಂದು ಕೈ ಆಡು ಬಾರವ್ವ." ಗಂಡಸರು ಸರಿದು ಜಾಗ ಬಿಟ್ಟರು. ಅವಳು ಒಬ್ಬೊಬ್ಬರನ್ನಾಗಿ ಮೂವರನ್ನು ಸೋಲಿಸಿದಳು. ಮುಂದಿನ ರವಿವಾರ ನಾಲ್ವರನ್ನು. ಮೂರನೆಯ ರವಿವಾರ ಎದುರಿಗೆ ಕೂತವನು ಅಂಬರಾಯ.

ಅಂಬರಾಯ ಕವಡೆ ಬಿದ್ದಷ್ಟೂ ಓಡಿಸುವ ಆಟಗಾರ. ಹಣಮಮ್ಮ ಚಿತ್ತಾಪುರದಲ್ಲಿ ಒಂದು ಮಾಲಗಾಡಿಯನ್ನು ಸರಿಸಿ ನಿಲ್ಲಿಸಿದಳು, ಗುಂಡನ್ನು ಅವನ ಮುಂದಿಟ್ಟಳು. ಸೂಲೇಹಳ್ಳಿಯಲ್ಲಿ ಇನ್ನೊಂದನ್ನು ನಿಲ್ಲಿಸಿದಳು. ಅಂಬರಾಯನ ಗಾಡಿಗಳು ಒಂದರ ಹಿಂದೊಂದು ಓಡಿ ಒಂದೇ ಕಡೆ ಸಿಕ್ಕಿಕೊಂಡವು. ಅವಳು ಜೋಡಿ ಕವಡೆಯ ಮೇಲೆ ಜೋಡಿ ಕವಡೆ ಹಾಕುತ್ತ ಸೇಡಂ ಸೇರಿಬಿಟ್ಟಳು.

"ಸಾಹುಕಾರ್ರ, ಗೇಟ್ ಬಿತ್ತ್ರಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕಟ್ಟೆಯೆಲ್ಲ ನಕ್ಕಿತು.

ಅಂಬರಾಯನೂ ನಕ್ಕ. ನಗು ಮುಗಿದ ಮೇಲೆ ಹೇಳಿದ, "ಸಾಬ್ರ, ಈ ನಿಲ್ಲೋ ರೂಲ್ ತೆಗದುಬಿಡ್ರಿ. ಓಡಿ ಗೆದ್ರ ಗೆದ್ದಂಗ. ಕುಂತಲ್ಲೇ ಕುಂತು ಗೆಲ್ಲೋದು ಯಾವ ಆಟ? ಕಲ್ಲಿನ ಮ್ಯಾಲ ಕೊರಸೋದು ಅಂದ್ರ ಮಂದಿ ಒಪ್ಪೋದನ್ನ ಕೊರಸಬೇಕು."

"ಖರೇ ಅದ್ರಿ, ಭಾಳ ತ್ರಾಸಿನ ರೂಲ್ ಅದು" ಎಂದರು ಏಳೆಂಟು ಜನ. ಆ ಏಳೆಂಟು ಜನ ಯಾರೆಂದು ಬಂದೇಅಲಿ ನೋಡಿದ. ಹಿಂದಿನ ಎರಡು ರವಿವಾರ ಅವಳ ಕೈಲಿ ಸೋತವರು, ಒಬ್ಬನೂ ಬಿಡದೆ. ಅವರು ಕೇಳುತ್ತಿರುವುದು ಆಟ ಸುಧಾರಿಸಲಿ ಎಂದಲ್ಲ, ತಾವು ಸೋಲಬಾರದು ಎಂದು. ಅದು ಅವನಿಗೆ ಆ ಗಳಿಗೆಯಲ್ಲೇ ಸ್ಪಷ್ಟವಾಗಿ ತಿಳಿಯಿತು. ತಿಳಿಯಲಿಲ್ಲ ಎಂದು ಆಮೇಲೆ ತನಗೆ ತಾನೇ ಸುಳ್ಳು ಹೇಳಿಕೊಳ್ಳಲೂ ಅವನಿಗೆ ಆಗಲಿಲ್ಲ.

"ಆಡೋ ಮಂದಿ ಹೇಳಿದ ಮ್ಯಾಲ ಕೇಳಬೇಕ್ರಪ್ಪ" ಎಂದ. "ತೆಗದೆ."

"ಮೊದಲ ಯಾಕ ಹಾಕಿದ್ರಿ ಅಂಥಾದ್ದನ್ನ?" ಎಂದು ಅಂಬರಾಯ ತಮಾಷೆಗೆ ಕೇಳಿದ.

"ಅದು ನಂದಲ್ರಿ. ಹಣಮಮ್ಮ ಹೇಳಿ ಹಾಕಿಸಿದ್ದು."

ಮತ್ತೊಮ್ಮೆ ನಗೆ ಎದ್ದಿತು. ಈ ಸಲದ ನಗೆ ಬೇರೆ ಕಡೆ ತಿರುಗಿತ್ತು. "ಹಂಗಂತ್ರಿ! ತನ್ನ ಗೇಟ್ ತಾನs ಕಟ್ಟಿಕೊಂಡಾಳ" ಎಂದನೊಬ್ಬ.

ಹಣಮಮ್ಮ ಹರಡಿದ್ದ ಗುಂಡುಗಳನ್ನು ಒಂದೊಂದಾಗಿ ಆರಿಸಿ ಬಂದೇಅಲಿಯ ಕೈಗೆ ಹಾಕಿದಳು. "ಹೌದ್ರಿ, ನಂದs ಅದು" ಎಂದಳು, ಎಲ್ಲರಿಗೂ ಕೇಳುವಂತೆ. ಸಂತೆಯ ಚೀಲ ಎತ್ತಿಕೊಂಡು ಹೋದಳು.

ಹತ್ತು ದಿನಕ್ಕೆ ಕಲ್ಲು ಬಂತು. ಕನ್ನಡಿಯಂಥ ಪಾಲಿಶ್, ಕೆಳಗೆ ಬೆರಳುದ್ದದ ಅಕ್ಷರಗಳಲ್ಲಿ ಅವನ ಹೆಸರು. ನಿಲ್ಲುವ ನಿಯಮದ ಜೊತೆ ಗುಂಡೂ ಹೋಗಿತ್ತು, ಅದನ್ನಿಡುವ ಕುಳಿಗಳಿಲ್ಲ. ಆಟ ಮೊದಲ ವಾರದ ಆಟವೇ ಆಗಿತ್ತು. ಕವಡೆ ಚೆನ್ನಾಗಿ ಬಿದ್ದವನು ಗೆದ್ದ. ಅಂಬರಾಯ ಎರಡು ರವಿವಾರ ಗೆದ್ದ, ಮೂರನೆಯದರಲ್ಲಿ ಟಾಂಗಾದವನ ಕೈಲಿ ಸತತ ನಾಲ್ಕು ಸೋತ. "ಮೊದಲಿನ ಮಜಾ ಉಳಿದಿಲ್ರಿ ಸಾಬ್ರ. ಏನ್ ಕೆಟ್ಟದೋ ತಿಳೀವಲ್ದು" ಎಂದು ನಿಜವಾಗಿಯೇ ಬೇಸರಪಟ್ಟು ಗಾಡಿ ಹತ್ತಿದ. ಆಮೇಲೆ ಬರಲಿಲ್ಲ. ಶ್ರಾವಣದ ಹೊತ್ತಿಗೆ ಜನ ಆ ಕಲ್ಲಿನ ಮೇಲೆ ಚಹಾದ ಕಪ್ಪು ಇಟ್ಟುಕೊಂಡು ಕೂಡುತ್ತಿದ್ದರು.

ಆಟ ಸತ್ತದ್ದು ಬಂದೇಅಲಿಗೆ ಅಷ್ಟು ನೋಯಲಿಲ್ಲ. ನೋಯುತ್ತಿದ್ದುದು ಒಂದು ಮಾತು: ಅದು ನಂದಲ್ರಿ. ಪಾಯಿಂಟಿನ ಕಬ್ಬಿಣದ ಹಿಡಿ ಎಳೆಯುವಾಗ ನೆನಪಾಗಿ ಕಿವಿ ಬಿಸಿಯಾಗುತ್ತಿತ್ತು. ಹೊಗಳುವಾಗ ತನ್ನದಾಗಿದ್ದು ಬೈಯುವಾಗ ಅವಳದಾಗಿತ್ತು. ಒಂದೂವರೆ ತಿಂಗಳು ಸೂಲೇಹಳ್ಳಿ ಹಾದಿ ಬಿಟ್ಟು ಸುತ್ತುಹಾದಿ ಹಿಡಿದು ಮನೆಗೆ ಹೋದ. ಒಂದು ಮಧ್ಯಾಹ್ನ ಇನ್ನು ತಡೆಯದೆ ಗೇಟಿಗೆ ಹೋದ. ಗೇಟು ಹಾಕಿತ್ತು. ಹಣಮಮ್ಮ ಹಸಿರು ಬಾವುಟ ಹಿಡಿದು ನಿಂತಿದ್ದಳು. ಮಾಲಗಾಡಿ ದಾಟಿತು.

"ಹಣಮಮ್ಮ, ನಿನ್ನ ರೂಲ್ ಭಾಳ ಛಲೋ ಇತ್ತು" ಎಂದ ಬಂದೇಅಲಿ. "ತೆಗದು ನಾ ತಪ್ಪು ಮಾಡಿದೆ. ನಿನ್ನ ಹೆಸರು ತಗೊಂಡದ್ದು ಅದಕ್ಕಿಂತ ದೊಡ್ಡ ತಪ್ಪು."

ಅವಳು ಬಾವುಟ ಸುತ್ತಿದಳು. "ಅಣ್ಣಾರ, ಕೆಟ್ಟದ ಅನ್ನೋವಾಗ ನಲವತ್ತು ಮಂದಿ ಮುಂದ ಹಣಮಮ್ಮಂದು ಅಂದ್ರಿ. ಛಲೋ ಇತ್ತು ಅನ್ನೋವಾಗ ನನ್ನೊಬ್ಬಾಕಿ ಮುಂದ ಅನ್ನಲಿಕತ್ತೀರಿ. ಇದು ನನಗ ಮೊದಲs ಗೊತ್ತದಲ್ರಿ."

ಬೈಗುಳ ಎಂದರೆ ಅಷ್ಟೇ. ಗೇಟು ಎತ್ತಿ, ಕಾಯುತ್ತಿದ್ದ ಬಂಡಿಗಳಿಗೆ ದಾರಿ ಬಿಟ್ಟಳು. ಬಂಡಿಯವರು "ಸರೀರಿ ಸೈಕಲ್‌ನವರ" ಎಂದು ಕೂಗಿದ ಮೇಲೆ ಬಂದೇಅಲಿ ಸರಿದ.

ಆ ರವಿವಾರ ಅವನು ಕಟ್ಟೆಗೆ ಹೋದ. ಇದ್ದವರು ಐದು ಜನ, ಶೌಕತ ಅಲಿಯನ್ನೂ ಸೇರಿಸಿ. ಅಂಬರಾಯ ಇಲ್ಲ, ನಕ್ಕವರಲ್ಲಿ ಒಬ್ಬಿಬ್ಬರು ಇದ್ದರು. ಬಂದೇಅಲಿ ಕೂಡದೆ ನಿಂತೇ ಹೇಳಿದ. ಗುಂಡಿನ ನಿಯಮ ಹಣಮಮ್ಮನದು, ಆಟ ನಡೆದದ್ದೇ ಅದರಿಂದ, ಸಾಹುಕಾರ ಕೇಳಿದಾಗ ನನ್ನದೆಂದು ಸುಳ್ಳು ಹೇಳಿದೆ, ಆಮೇಲೆ ಕಲ್ಲಿನಾಸೆಗೆ ಅದನ್ನು ತೆಗೆದೆ.

ಯಾರೂ ಬೆರಗಾಗಲಿಲ್ಲ. ಒಬ್ಬ ಚಹಾ ಕುಡಿಯುವುದನ್ನೂ ನಿಲ್ಲಿಸಲಿಲ್ಲ.

"ಅರೆ ಮಿಯಾ," ಎಂದ ಶೌಕತ ಅಲಿ, "ನೀ ಆವತ್ತು ಸಾಹುಕಾರನ ಮುಂದ ಹೇಳೋಕಿಂತ ಮೊದಲs ಆಕಿದು ಅಂತ ನಮಗ ಗೊತ್ತಿತ್ತು."

"ಹ್ಯಾಂಗ?"

"ನಿನ್ನ ರೂಲ್ ಆಗಿದ್ರ ನಿನಗ ಆಡಲಿಕ್ಕ ಬರ್ತಿತ್ತಲ್ಲ! ಎಲ್ಲಿ ನಿಲ್ಲಬೇಕು ಅಂತ ನಿನಗ ಒಂದು ದಿನಾನೂ ತಿಳೀಲಿಲ್ಲ. ಆಕಿ ಬಂದು ಕುಂತ ಮೊದಲನೇ ಕೈಗೆ ತಿಳಕೊಂಡ್ವಿ."

"ಮತ್ತ ಯಾಕ ಅನ್ನಲಿಲ್ರಿ?"

ಶೌಕತ ಅಲಿ ಮಂದಗಣ್ಣು ಕಿರಿದು ಮಾಡಿ ಅವನ ಮುಖವನ್ನು ಹುಡುಕಿದ. "ನೀನs ಹೇಳ್ತಿ ಅಂತ ಕಾಯ್ದ್ವಿ."

ಬಂದೇಅಲಿಗೆ ಜೂನಿನ ಆ ಒಂದೊಂದು ರವಿವಾರವೂ ಎದ್ದು ಬಂತು. ತಾನು ಕಟ್ಟೆಯ ನಡುವೆ ಕೂತು ನಿಯಮ ವಿವರಿಸುತ್ತಿದ್ದದ್ದು, ಇವರು ತಲೆಯಾಡಿಸುತ್ತಿದ್ದದ್ದು, ಆ ತಲೆಯಾಡಿಸುವುದನ್ನು ತಾನು ಮೆಚ್ಚುಗೆ ಎಂದು ಎಣಿಸಿ ಮನೆಗೆ ಒಯ್ದದ್ದು.

"ಬಾ, ಕುಂದ್ರು. ನಿನ್ನ ಹೆಸರಿನ ಕಲ್ಲದ" ಎಂದ ಶೌಕತ ಅಲಿ ಕಪ್ಪುಗಳನ್ನು ಬದಿಗೆ ಸರಿಸುತ್ತ. ಅದರಲ್ಲಿ ಚುಚ್ಚುಮಾತಿರಲಿಲ್ಲ. ಬಂದೇಅಲಿ ಒಂದು ಗಳಿಗೆ ಅಕ್ಷರಗಳ ಮೇಲೆ ಕಣ್ಣಿಟ್ಟು ನಿಂತ. ಆಮೇಲೆ ಅವುಗಳ ಮೇಲೆ ಕೂಡಲು ಮನಸ್ಸಾಗದೆ, ಕಟ್ಟೆಯ ಕೆಳಗೆ ಬರಿ ನೆಲದ ಮೇಲೆ ಕೂತ.